ಒಂದು ಪೇಪರ್ ಬಾಕಿ

ಅಕ್ಕನ ಮನೆಯಿಂದ ನನ್ನ ಪಾಲಿಗೆ ಬಂದದ್ದು ಒಂದು ಬಿಸ್ಕತ್ತಿನ ಡಬ್ಬಿ. ಹದಿಮೂರನೆಯ ದಿನದ ಊಟ ಮುಗಿದಿತ್ತು. ಬಾಡಿಗೆಗೆ ತಂದ ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸಿ ಟೆಂಪೋಗೆ ಏರಿಸುತ್ತಿದ್ದರು. ಕಪಾಟು ಖಾಲಿ ಮಾಡುತ್ತಿದ್ದ ಅಕ್ಕನ ಓರಗಿತ್ತಿ ಡಬ್ಬಿಯನ್ನು ಹಿಡಿದುಕೊಂಡು ಹೊರಗೆ ಬಂದರು.

"ಇದೆಂತದೋ ಪೆನ್ನಿನ ರಾಶಿ. ನಿಮಗೆ ಬೇಕಾ? ಇಲ್ಲದಿದ್ರೆ ಬಿಸಾಡುದು."

ಮುಚ್ಚಳ ತೆಗೆದು ನೋಡಿದೆ. ಎಲ್ಲವೂ ನೀಲಿ ಬಾಲ್‌ಪೆನ್ನು, ಒಂದೇ ಜಾತಿಯವು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟುಕಟ್ಟಾಗಿ ಇಟ್ಟಿದ್ದವು. ಜೊತೆಗೆ ಒಂದು ಬ್ಲೇಡು, ಸಣ್ಣ ಸ್ಕೇಲು, ನೆಗಡಿಯ ಮಾತ್ರೆಯ ಹಾಳೆ.

"ಬೇಕ್ರಿ," ಎಂದೆ.

ಒಳಗೆ ಗೋಡೆಯ ಮೇಲೆ ಅಕ್ಕನ ಫೋಟೋಕ್ಕೆ ಹಾರ ಹಾಕಿದ್ದರು. ಅದನ್ನು ನೇತುಹಾಕಿದ್ದ ಮೊಳೆ ನನಗೆ ಚೆನ್ನಾಗಿ ಗೊತ್ತಿತ್ತು. ಹತ್ತು ವರ್ಷ ಅದಕ್ಕೆ ಏನನ್ನೂ ಕಾಯಂ ಆಗಿ ತೂಗಹಾಕಲು ಬಿಟ್ಟವರಲ್ಲ ಅವರು. ಒಮ್ಮೆ ನಾನು ಬ್ಯಾಂಕಿನ ಕ್ಯಾಲೆಂಡರ್ ತಂದು ಅದಕ್ಕೇ ಸಿಕ್ಕಿಸಹೋದಾಗ, "ಅಲ್ಲಿ ಬೇಡ ಮಾರಾಯ್ತಿ, ಅದು ನನ್ನ ಡಿಗ್ರಿಯ ಕಪ್ಪು ಗೌನಿನ ಫೋಟೋದ ಮೊಳೆ," ಎಂದಿದ್ದರು.

ಹೆಸರು ಬರೆಯುವುದಿಲ್ಲ. ನಾನು ಅಕ್ಕಾರ ಎಂದೇ ಕರೆದವಳು. ಇಲ್ಲಿಯ ಹುಡುಗ ಹುಡುಗಿಯರಿಗೆ ಅವರು ಮಾಸಿ, ಚಿಕ್ಕಮ್ಮ. ಇಷ್ಟು ಸಾಕು.

ನಾವು ವಡೋದರಾಕ್ಕೆ ಬಂದದ್ದು ನಮ್ಮವರ ರೈಲ್ವೆ ವರ್ಗಾವಣೆಯಿಂದ. ಗದಗಿನ ಕಡೆಯವಳು ನಾನು. ಮದುವೆಗೆ ಮುಂಚೆ ಪಿಯುಸಿ ಮುಗಿಸಿದ್ದೆ, ಮುಂದೆ ಓದಲಿಲ್ಲ. ಮಂಜಲ್‌ಪುರದಲ್ಲಿ ಸಾಲುಮನೆ ಸಿಕ್ಕಿತು. ಮೊದಲ ವಾರವೇ ಮಗಳನ್ನು ಗದರುತ್ತಿದ್ದಾಗ ಪಕ್ಕದ ಗೋಡೆಯ ಆಚೆಯಿಂದ ದನಿ ಬಂತು: "ಮಗುವಿಗೆ ಹೊಡೀಬೇಡ ಮಾರಾಯ್ತಿ. ಯಾವೂರು ನಿಂದು?" ಆ ಊರಿನಲ್ಲಿ ಹೊರಗಿನವರ ಬಾಯಿಂದ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ಕನ್ನಡ ಎಂದು ಗೊತ್ತಾಗಲು ನನಗೆ ಒಂದು ಗಳಿಗೆ ಬೇಕಾಯಿತು ಕೂಡ. ಅವರು ಉಡುಪಿಯ ಕಡೆಯವರು. ಗಂಡ ಸ್ಟೇಷನ್ ಹತ್ತಿರ ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದರು. ನಾವು ಬರುವ ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷ. ಹೋಟೆಲನ್ನು ಮೈದುನ ನೋಡಿಕೊಳ್ಳುತ್ತಿದ್ದರು. ಮಕ್ಕಳಿರಲಿಲ್ಲ.

ಇಲ್ಲಿಯ ಮನೆಗಳ ಜಗಲಿಯಲ್ಲಿ ಒಂದು ಉಯ್ಯಾಲೆ ಇರಲೇಬೇಕು. ಊಟವಾದ ಮೇಲೆ ಗಂಡಸರು ಹೆಂಗಸರು ಎನ್ನದೆ ಕುಳಿತು ಕಾಲಿನಿಂದ ನೆಲ ನೂಕುತ್ತಿರುತ್ತಾರೆ. ಅಕ್ಕನ ಉಯ್ಯಾಲೆಯನ್ನು ಮಾತ್ರ ಹಳೆಯ ಸೀರೆಯಿಂದ ಕಂಬಕ್ಕೆ ಬಿಗಿದು ಕಟ್ಟಿತ್ತು. ಯಾಕೆ ಎಂದು ಕೇಳಿದೆ.

"ಅದು ಕಿರ್ ಕಿರ್ ಹೇಳ್ತದೆ. ರೆಕಾರ್ಡಿಂಗಿನಲ್ಲಿ ಬರ್ತದೆ."

ಕಣ್ಣು ಕಾಣದ ಕಾಲೇಜು ಮಕ್ಕಳಿಗೆ ಅವರು ಪುಸ್ತಕಗಳನ್ನು ಓದಿ ಮೊಬೈಲಿನಲ್ಲಿ ದನಿ ಹಿಡಿದು ಕಳಿಸುತ್ತಿದ್ದರು. ಬೆಳಿಗ್ಗೆ ಮನಶ್ಶಾಸ್ತ್ರ, ಅಡುಗೆಯಾದ ಮೇಲೆ ಅರ್ಥಶಾಸ್ತ್ರ, ಮಧ್ಯಾಹ್ನ ಸಂಸ್ಕೃತವೋ ಸಮಾಜಶಾಸ್ತ್ರವೋ. ಉಯ್ಯಾಲೆ ಕಟ್ಟಿದರೂ ಬೀದಿಯನ್ನು ಕಟ್ಟಲಾದೀತೇ? ಕನಸುಗಳ ಅರ್ಥದ ಪಾಠದ ನಡುವೆ ತರಕಾರಿ ಗಾಡಿಯವನು ಬಟಾಕಾ, ಡುಂಗಳಿ ಎಂದು ಕೂಗಿಕೊಂಡು ಹೋಗುತ್ತಿದ್ದ. ಒಬ್ಬ ಹುಡುಗ ಫೋನ್ ಮಾಡಿ, "ಮಾಸಿ, ನಿಮ್ಮ ಕುಕ್ಕರಿನ ಮೂರನೇ ಸೀಟಿಗೆ ಸರಿಯಾಗಿ ವರ್ಗವ್ಯವಸ್ಥೆ ಮುಗಿಯಿತು," ಎಂದಿದ್ದನಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಓದುವುದು ಅರ್ಧ ಕೆಲಸ. ಇನ್ನರ್ಧ ಪರೀಕ್ಷೆಯ ದಿನದ್ದು. ಕಣ್ಣು ಕಾಣದವರು ಬಾಯಲ್ಲಿ ಉತ್ತರ ಹೇಳುತ್ತಾರೆ, ಪಕ್ಕದಲ್ಲಿ ಕುಳಿತವರು ಅದನ್ನು ಕಾಗದದ ಮೇಲೆ ಬರೆಯುತ್ತಾರೆ. ಅವರಿಗೆ ರೈಟರ್ ಎನ್ನುತ್ತಾರೆ. ಅಕ್ಕ ರೈಟರ್ ಆಗಿದ್ದರು.

ಅದು ಶುರುವಾದ ಕಥೆಯನ್ನು ಅವರೇ ಹೇಳಿದ್ದು. ಗಂಡ ಇದ್ದಾಗ ಅವರು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಸೂರತ್ತಿನ ಉಧ್ನಾದಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿದ್ದ ಒಂದು ಹುಡುಗಿ, ಹುಟ್ಟಾ ಕಣ್ಣಿಲ್ಲದವಳು, ಗೆಳತಿಯ ಭುಜ ಹಿಡಿದುಕೊಂಡು ಇಡ್ಲಿ ತಿನ್ನಲು ಬರುತ್ತಿದ್ದಳು. ತಂದೆ ತಾಯಿ ಇಬ್ಬರೂ ಅಲ್ಲಿ ಸೀರೆಯ ಕಾರ್ಖಾನೆಯಲ್ಲಿ. ಒಂದು ಸಂಜೆ ಇಡ್ಲಿ ಮುಟ್ಟದೆ ಅಳುತ್ತ ಕುಳಿತಿದ್ದಳು. ಮರುದಿನ ಬಿಎ ಮೊದಲ ಪೇಪರ್, ಬರುತ್ತೇನೆಂದಿದ್ದ ರೈಟರ್ ಕೈಕೊಟ್ಟಿದ್ದಳು.

"ನಾನು ಬರೀಲಾ ಅಂತ ಕೇಳಿದೆ. ನಿಮಗೆ ಗುಜರಾತಿ ಬರೀಲಿಕ್ಕೆ ಬರ್ತದಾ ಅಂತ ಕೇಳ್ತು ಹುಡುಗಿ. ನೋಡು, ಆ ತಿಂಡಿ ಬೋರ್ಡು ನಾನೇ ಬರ್ದದ್ದು ಅಂತ ಬೆರಳು ಮಾಡಿ ತೋರ್ಸಿದೆ. ಕಾಣದವಳಿಗೆ, ಮಾರಾಯ್ತಿ! ನಂಗೆ ಬುದ್ಧಿ ಉಂಟಾ ಹೇಳು."

ಗೆಳತಿ ಬೋರ್ಡು ನೋಡಿ ಅಕ್ಷರ ದುಂಡಗಿದೆ ಎಂದಳು. ಅಲ್ಲಿಗೆ ಒಪ್ಪಂದವಾಯಿತು.

ಆ ಹುಡುಗಿ ಭೂಗೋಳದ ವಿದ್ಯಾರ್ಥಿನಿ. ನಕಾಶೆ ಹೇಗೆ ಅರ್ಥ ಮಾಡಿಸುವುದು? ಅಕ್ಕ ರಟ್ಟಿನ ಮೇಲೆ ಅಂಟು ಬಳಿದು ಶ್ಯಾವಿಗೆಯ ಎಳೆಗಳನ್ನು ನದಿಗಳಂತೆ ಕೂರಿಸಿದರು. ಬೆಟ್ಟಕ್ಕೆ ಕಡಲೆಬೇಳೆ, ಊರಿಗೆ ಸಾಸಿವೆ. ಹುಡುಗಿಯ ಬೆರಳು ಹಿಡಿದು ಮೊದಲು ಇಟ್ಟದ್ದು ತಾಪಿ ನದಿಯ ಮೇಲೆ. "ಇದು ನಿನ್ನೂರಿನದ್ದು. ಇಲ್ಲಿಂದ ಶುರು ಮಾಡು. ಗುರುತಿನ ಮನೆಯಿಂದ ಹೊರಟ್ರೆ ಯಾರೂ ದಾರಿ ತಪ್ಪುದಿಲ್ಲ." ಆ ರಟ್ಟನ್ನು ನಾನೂ ನೋಡಿದ್ದೇನೆ. ವರ್ಷಕ್ಕೊಮ್ಮೆ ಇರುವೆ ತಿಂದ ನದಿಗಳನ್ನು ಹೊಸ ಶ್ಯಾವಿಗೆಯಿಂದ ತುಂಬುತ್ತಿದ್ದರು. ಶ್ಯಾವಿಗೆ ನಮ್ಮ ಮನೆಯಿಂದ ಹೋಗುತ್ತಿತ್ತು. ಅಂಗಡಿಯದು ಬೇಗ ಮುರಿಯುತ್ತದೆ, ನಾನು ಹೊಸೆದದ್ದು ಬಾಗುತ್ತದೆ ಎನ್ನುತ್ತಿದ್ದರು. ಅರ್ಥಶಾಸ್ತ್ರದ ಬೇಡಿಕೆ ಪೂರೈಕೆಯ ಗೆರೆಗಳೂ ನನ್ನ ಶ್ಯಾವಿಗೆಯಿಂದಲೇ ಆದವು.

ಹೀಗೆ ಓದಿ ಬರೆದು ಅವರಿಗೆ ಎಲ್ಲ ವಿಷಯವೂ ಗೊತ್ತಿತ್ತು, ಆದರೆ ಪರೀಕ್ಷೆಗೆ ಬೇಕಾದಷ್ಟೇ. ಯಾವುದನ್ನು ಕೇಳಿದರೂ ಹತ್ತು ಅಂಕದ ಉತ್ತರದಷ್ಟು ಹೇಳಿ ಥಟ್ಟನೆ ನಿಲ್ಲಿಸುತ್ತಿದ್ದರು. "ಮುಂದ?" ಎಂದರೆ, "ಮುಂದೆ ಎಂಎಯಲ್ಲಿ ಬರ್ತದೆ." ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿನ ಮೇಲೆ ಜಗಳ ಶುರುವಾದಾಗ ನನ್ನ ಕಿವಿಯಲ್ಲಿ, "ಇದು ರಾಜ್ಯಶಾಸ್ತ್ರ, ಎರಡನೇ ಪೇಪರ್. ಈಗ ನೋಡು, ಒಂದು ಉಪಸಮಿತಿ ಮಾಡ್ತಾರೆ," ಎಂದರು. ಹಾಗೆಯೇ ಆಯಿತು. ನನ್ನ ಮಗಳು ಹತ್ತನೆಯ ತರಗತಿಯಲ್ಲಿ ಬಾಗಿಲು ಹಾಕಿಕೊಂಡು ಕೂತಾಗ ಮನಶ್ಶಾಸ್ತ್ರದಿಂದ ಹತ್ತು ಅಂಕದಷ್ಟು ಹೇಳಿ, ಆಮೇಲೆ ನೀರುದೋಸೆ ಮಾಡಿ ಬಾಗಿಲು ತೆರೆಸಿದರು.

ಅಷ್ಟೆಲ್ಲ ಇದ್ದು ಅವರಿಗೆ ಪದವಿ ಇರಲಿಲ್ಲ. ಅವರದೂ ಪಿಯುಸಿಯೇ. ಮದುವೆಯ ಮಾತುಕತೆಯಲ್ಲಿ ಅವರ ತಂದೆ, ಹುಡುಗಿಗೆ ಓದುವ ಆಸೆ ಇದೆ ಎಂದು ಹೇಳಿ, ಅಲ್ಲಿ ಕಾಲೇಜಿಗೆ ಕಳಿಸುತ್ತೇವೆ ಎಂಬ ಮಾತನ್ನು ಗಂಡಿನ ಕಡೆಯವರಿಂದ ತೆಗೆದುಕೊಂಡಿದ್ದರಂತೆ. ಇಲ್ಲಿಗೆ ಬಂದ ಮೇಲೆ ಆ ಆಸೆಯನ್ನು ಹೋಟೆಲು ನುಂಗಿತು. ಗಂಡ ಹೋದ ಮೇಲೆ ದೂರಶಿಕ್ಷಣದ ವಿಶ್ವವಿದ್ಯಾಲಯವೊಂದಕ್ಕೆ ಹಿಂದಿ ಮಾಧ್ಯಮದಲ್ಲಿ ಬಿಎಗೆ ಹೆಸರು ಹಚ್ಚಿದರು. ಮೂರು ವರ್ಷದ ಪೇಪರುಗಳನ್ನೆಲ್ಲ ಮೂರೇ ವರ್ಷದಲ್ಲಿ ಮುಗಿಸಿದರು, ಒಂದನ್ನು ಬಿಟ್ಟು. ಭಾರತದ ಭೂಗೋಳ. ತಾವೇ ಶ್ಯಾವಿಗೆಯಲ್ಲಿ ಕಲಿಸುತ್ತಿದ್ದ ವಿಷಯ.

ಪ್ರತಿ ಸಲ ಪರೀಕ್ಷೆಯ ಅರ್ಜಿ ಬಂದಾಗ ನಾನು ನೆನಪಿಸುತ್ತಿದ್ದೆ. ಅವರು ಈ ಸಲ ಆಗುವುದಿಲ್ಲ ಎನ್ನುತ್ತಿದ್ದರು. ನೆರೆಮನೆಯ ಸಲಿಗೆಯಿಂದ ನಾನು ಒಮ್ಮೆ ಚುಚ್ಚಿಯೂ ಚುಚ್ಚಿದೆ: "ಮಂದಿ ಪೇಪರ್ ಆದ್ರ ಓಡಿ ಹೋಗ್ತೀರಿ. ನಿಮ್ಮ ಪೇಪರ್ ಅಂದ್ರ ಅಂಜಿಕಿ ಏನ್ರಿ ಅಕ್ಕಾರ?"

"ಹೌದು ಅಂತ ಇಟ್ಕೋ," ಎಂದು ನಕ್ಕು ಕೊತ್ತಂಬರಿ ಸೋಸತೊಡಗಿದರು.

ನಿಜ ಗೊತ್ತಾದದ್ದು ಒಂದು ಕಾಲೇಜಿನ ಕಚೇರಿಯಲ್ಲಿ. ಅವರಿಗೆ ಮೊಣಕಾಲು ನೋವಿದ್ದುದರಿಂದ ಜೊತೆಗೆ ಹೋಗಿದ್ದೆ. ರೈಟರ್‌ನ ಅರ್ಜಿ ನೋಡುತ್ತಿದ್ದ ಗುಮಾಸ್ತ ಕನ್ನಡಕ ಏರಿಸಿ ಹಿಂದಿಯಲ್ಲಿ ಕೇಳಿದ: "ಬೆನ್, ನೀವು ಬಿಎ ಮಾಡುತ್ತಿದ್ದಿರಲ್ಲ, ಮುಗಿದಿರಬೇಕಲ್ಲ? ಮುಗಿದಿದ್ದರೆ ನಿಮ್ಮನ್ನು ಕೂರಿಸಲಾಗುವುದಿಲ್ಲ. ರೈಟರ್ ಆದವರು ವಿದ್ಯಾರ್ಥಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿರಬೇಕು."

"ಮುಗಿದಿಲ್ಲ ಭಾಯಿ. ಒಂದು ಪೇಪರ್ ಬಾಕಿ ಇದೆ."

"ಹಾಗಾದರೆ ಸರಿ," ಎಂದು ಮುದ್ರೆ ಒತ್ತಿದ.

ಮರಳಿ ಬರುವಾಗ ಆಟೋದಲ್ಲಿ ಅವರೇ ಶುರು ಮಾಡಿದರು.

"ಹೆಚ್ಚು ಓದಿದವ್ರು ಕೂತ್ರೆ ತಮ್ಮ ತಲೆಯಿಂದ ಬರೀತಾರೆ ಅಂತ ಹೆದರಿಕೆ ಅವ್ರಿಗೆ. ರೂಲು ಸರಿಯೇ ಉಂಟು. ನಾನು ಡಿಗ್ರಿ ಮಾಡಿದ್ರೆ ಎಂಎ ಮಕ್ಕಳಿಗೆ ಮಾತ್ರ ಬರೀಬಹುದು. ಅವ್ರು ಒಬ್ರೋ ಇಬ್ರೋ. ಬಿಎ ಮಕ್ಕಳೇ ಅಲ್ವಾ ಜಾಸ್ತಿ ಇರುದು?"

"ಈ ಊರಾಗ ಮತ್ತ್ಯಾರೂ ಸಿಗಂಗಿಲ್ಲೇನ್ರಿ?"

"ನೀನೂ ಪಿಯುಸಿ ಅಲ್ವಾ? ಹಿಂದಿ ಬರೀತಿ. ಬರ್ತೀಯಾ?"

ನಾನು ರಸ್ತೆಯ ಕಡೆ ನೋಡಿದೆ. ಮಗಳ ಶಾಲೆ, ನಮ್ಮವರ ಪಾಳಿ, ಊರಿಂದ ಬರಲಿದ್ದ ಅತ್ತೆಯವರು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಅವರು ತಲೆದೂಗಿ ಕೇಳಿ, "ಹೌದು, ಹೌದು, ಕಷ್ಟವೇ," ಎಂದರು. ಮತ್ತೆ ಕೇಳಲಿಲ್ಲ. ಅಂದು ಹ್ಞೂಂ ಎಂದಿದ್ದರೆ, ಕೆಲಸ ಇಬ್ಬರಿಗೆ ಹಂಚಿಹೋಗಿ ಅವರು ಕೈ ಗಟ್ಟಿ ಇದ್ದಾಗಲೇ ತಮ್ಮ ಪೇಪರ್ ಮುಗಿಸುತ್ತಿದ್ದರು. ಇದು ನನಗೆ ಯಾರೂ ಹೇಳಬೇಕಾಗಿಲ್ಲ.

ಕೈಯ ಸುದ್ದಿ ಮೊದಲು ಗೊತ್ತಾದದ್ದು ಡಾಕ್ಟರರಿಗಲ್ಲ. ಒಂದು ಪರೀಕ್ಷೆಯ ನಡುವೆ ಸಂಗೀತ ಓದುವ ಹುಡುಗ ಹೇಳುತ್ತಿದ್ದ ಉತ್ತರ ನಿಲ್ಲಿಸಿ, "ಮಾಸಿ, ನಿಮ್ಮ ಪೆನ್ನು ಇವತ್ತು ಬೇರೆ ಥರ ಕೇಳಿಸುತ್ತಿದೆ," ಎಂದನಂತೆ. ಅಕ್ಕ ಮನೆಗೆ ಬಂದು ಅದನ್ನು ತಮಾಷೆಯಾಗಿಯೇ ಹೇಳಿದರು. ನಾನು ಚಹಾ ಕೊಟ್ಟೆ. ಬಸಿಯ ಮೇಲೆ ಕಪ್ಪು ಸಣ್ಣಗೆ ಕಟಕಟ ಎಂದಿತು. ಇಬ್ಬರೂ ಕಪ್ಪಿನ ಕಡೆ ನೋಡಿದೆವು. ಮುಂದಿನ ತಿಂಗಳು ಡಾಕ್ಟರರು ನಡುಕದ ಕಾಯಿಲೆಗೆ ಒಂದು ಹೆಸರು ಕೊಟ್ಟು ಮಾತ್ರೆ ಬರೆದರು. ವರ್ಷ ತುಂಬುವಷ್ಟರಲ್ಲಿ ಅಕ್ಷರ ಸಣ್ಣದಾಗುತ್ತ ಸಣ್ಣದಾಗುತ್ತ ಸಾಸಿವೆಯಂತಾಯಿತು. ಬರೆಯುವುದು ನಿಂತಿತು. ಅದರ ಮೇಲಿನ ವರ್ಷ ದನಿಯೂ ಇಳಿದು ಓದುವುದೂ ನಿಂತಿತು. ಉಯ್ಯಾಲೆಗೆ ಕಟ್ಟಿದ್ದ ಸೀರೆಯನ್ನು ಅವರು ಬಿಚ್ಚಲಿಲ್ಲ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಅಕ್ಕ ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತರು. ಕೈಯಲ್ಲಿ ವಿಶ್ವವಿದ್ಯಾಲಯದ ಕಾಗದ. ಹೆಸರು ಹಚ್ಚಿದ ಅವಧಿಯನ್ನು ಆಗಲೇ ಒಮ್ಮೆ ಮುಂದೂಡಿಸಿಕೊಂಡಿದ್ದರು. ಬರುವ ಡಿಸೆಂಬರ್ ಪರೀಕ್ಷೆಯೇ ಕೊನೆಯದು, ತಪ್ಪಿದರೆ ಪಾಸಾದ ಪೇಪರುಗಳೂ ಲೆಕ್ಕಕ್ಕಿಲ್ಲ.

"ಇನ್ನು ಯಾರಿಗೂ ಬರೀಲಿಕ್ಕಿಲ್ಲ ನನಗೆ. ಈಗ ಡಿಗ್ರಿ ಆದ್ರೆ ಎಂತ ತೊಂದ್ರೆ ಇಲ್ಲ," ಎಂದರು. ಸ್ವಲ್ಪ ತಡೆದು, "ಆದ್ರೆ ಕೈ ಇಲ್ಲ. ರೈಟರ್ ಬೇಕು. ನೀನು ಒಂದು ಮೆಟ್ಟಿಲು ಕಡಿಮೆ ಅಲ್ವಾ?"

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಈ ಸಲ ನಾನು ನೆವ ಹೇಳಲಿಲ್ಲ. "ಆತ್ರಿ," ಎಂದೆ.

ಎರಡು ತಿಂಗಳು ನಾನು ಅವರಿಗೆ ಭೂಗೋಳ ಓದಿ ಹೇಳಿದೆ, ಅವರು ನನಗೆ ರೈಟರ್ ಕೆಲಸ ಕಲಿಸಿದರು. ಜೆಲ್ ಪೆನ್ನು ತಂದಿದ್ದೆ, ಬದಿಗೆ ಸರಿಸಿದರು. "ಇದು ಬೆಣ್ಣೆಯ ಹಾಗೆ ಹೋಗ್ತದೆ, ಸದ್ದೇ ಇಲ್ಲ. ಕಾಣದವ್ರು ಪೆನ್ನಿನ ಸದ್ದಿನ ಮೇಲೆ ಹೇಳುದು. ಅದು ನಿಂತ್ರೆ ಮುಂದಿನ ಸಾಲು ಹೇಳ್ಬಹುದು ಅಂತ ಗೊತ್ತಾಗ್ತದೆ." ಬಾಲ್‌ಪೆನ್ನು ಕೊಟ್ಟು, ಒತ್ತಿ ಬರೆಯಲು ಹೇಳಿದರು. ನಾನು ಬರೆಯುವಾಗ ಅವರೂ ಕಣ್ಣು ಕಾಣದ ತಮ್ಮ ವಿದ್ಯಾರ್ಥಿಗಳಂತೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ತೆರೆದರೆ ನನ್ನ ಕೆಟ್ಟ ಅಕ್ಷರ ನೋಡಿ ಮರೆತುಹೋಗುತ್ತದೆ ಎಂದು ಛೇಡಿಸುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಇರಲಿಲ್ಲ. ಒಂದು ದಿನ ಅವರು ಗೋದಾವರಿ ಪಶ್ಚಿಮಕ್ಕೆ ಹರಿಯುತ್ತದೆ ಎಂದು ಬಾಯಿತಪ್ಪಿ ಹೇಳಿದರು. ನಾನು ಪೂರ್ವಕ್ಕೆ ಎಂದು ಬರೆದೆ. ಓದಿಸಿ ಕೇಳಿ, ಹಾಳೆಯನ್ನು ನಡುಗುವ ಕೈಯಿಂದಲೇ ಹರಿದರು.

"ಹೇಳಿದ್ದೇ ಬರೀಬೇಕು. ತಪ್ಪು ಹೇಳಿದ್ರೆ ತಪ್ಪು ಬರೀಬೇಕು. ಸುಮ್ಮನಿದ್ರೆ ಸುಮ್ಮನಿರಬೇಕು. ಪಾಪ ಅನ್ಸುದು ಬೇಡ. ಅನ್ಸಿದ್ರೆ ನುಂಗಿಕೋ. ಆಚೆಯವ್ರಿಗೆ ಉಸಿರು ಸಹ ಕೇಳ್ತದೆ."

ಅವರ ಅಷ್ಟು ಬಿರುಸಿನ ಮುಖವನ್ನು ನಾನು ಆವರೆಗೆ ನೋಡಿರಲಿಲ್ಲ.

ಪರೀಕ್ಷೆಯ ದಿನ ನಮಗೆ ನೆಲಮಹಡಿಯಲ್ಲಿ ಬೇರೆ ಕೋಣೆ ಕೊಟ್ಟಿದ್ದರು, ಹೆಚ್ಚಿನ ಸಮಯವೂ ಇತ್ತು. ಅಕ್ಕ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟಿದ್ದರು. ಮೇಲ್ವಿಚಾರಣೆಗೆ ಕೂತಿದ್ದ ಹೆಣ್ಣುಮಗಳು ಶಾಲು ಹೊದ್ದು ಮೊಬೈಲಿನಲ್ಲಿ ಮುಳುಗಿದ್ದಳು. ನಾನು ಪ್ರಶ್ನೆ ಓದಿದೆ, ಅವರು ಕಣ್ಣು ಮುಚ್ಚಿ ಹೇಳುತ್ತ ಹೋದರು. ಮೊದಲೆರಡು ಉತ್ತರ ಸರಾಗವಾಗಿ ಬಂತು. ನಂತರ ಮಾತ್ರೆಯ ಜೋರು ಇಳಿಯಿತೋ ಏನೋ, ದನಿ ತಗ್ಗಿತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅಂತರ ಬೆಳೆಯಿತು. ಪಶ್ಚಿಮ ಕರಾವಳಿಯ ಬಂದರುಗಳನ್ನು ಕೇಳಿದರೆ ಅವರು ತಮ್ಮೂರಿನ ಸೀತಾ ಸ್ವರ್ಣಾ ಹೊಳೆಗಳನ್ನು ಹೇಳಿದರು. ನಾನು ಅವನ್ನೂ ಬರೆದೆ.

ಕಡೆಗೆ ಉಳಿದದ್ದು ದೊಡ್ಡ ಪ್ರಶ್ನೆ. ಬಿರುಕು ಕಣಿವೆಯಲ್ಲಿ ಪಶ್ಚಿಮಕ್ಕೆ ಹರಿಯುವ ಎರಡು ನದಿಗಳನ್ನು ಹೆಸರಿಸಿ ವಿವರಿಸಿ. ಓದುವಾಗಲೇ ನನಗೆ ಖುಷಿಯಾಯಿತು. ನರ್ಮದೆ, ತಾಪಿ. ಶ್ಯಾವಿಗೆಯ ರಟ್ಟಿನ ಮೇಲಿನ ಎರಡು ದಪ್ಪ ಗೆರೆಗಳು. ಅಕ್ಕ ನರ್ಮದೆಯನ್ನು ಒಂದು ಪುಟದಷ್ಟು ಹೇಳಿದರು, ಹುಟ್ಟುವ ಜಾಗ, ಅಮೃತಶಿಲೆಯ ಬಂಡೆಗಳು, ಅಣೆಕಟ್ಟು, ಎಲ್ಲ.

"ಎರಡನೆಯದು," ಎಂದರು. ನಾನು ಬರೆದೆ. "ಎರಡನೆಯ ನದಿ..."

ನಿಂತರು.

ಗೋಡೆಯ ಗಡಿಯಾರ ಕೇಳಿಸುತ್ತಿತ್ತು. ಆ ಒಂದು ಹೆಸರು ಸಿಕ್ಕಿದ್ದರೆ ಉಳಿದದ್ದೆಲ್ಲ ನೂಲಿನ ತುದಿ ಸಿಕ್ಕ ಹಾಗೆ ಹಿಂದೆಯೇ ಬರುತ್ತಿತ್ತು. ಆ ಎರಡು ತಿಂಗಳಲ್ಲಿ ಅದನ್ನು ಅವರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೆ. ಅವರ ಬೆರಳು ಮೇಜಿನ ಮೇಲೆ ನಡುಗುತ್ತ ಏನನ್ನೋ ಹುಡುಕುತ್ತಿತ್ತು. ತುಟಿ ಅಲುಗಿತು, ಶಬ್ದ ಬರಲಿಲ್ಲ. ಆಮೇಲೆ ಅವರು ಮುಖವನ್ನು ಮೆಲ್ಲಗೆ ಹೊರಳಿಸಿ ಕಿವಿಯನ್ನು ನನ್ನ ಕೈಯ ಕಡೆ ತಂದರು. ಹಾಗೆಯೇ ಬಹಳ ಹೊತ್ತು ಕುಳಿತರು. ಮೇಲ್ವಿಚಾರಕಿ ತಲೆ ಎತ್ತಿರಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ಎರಡೇ ಅಕ್ಷರ. ಪಾಪ ಅನಿಸಿತು. ನುಂಗಿಕೊಂಡೆ. ಉಸಿರನ್ನೂ ಹಿಡಿದೆ.

"ಸಾಕು, ಕೊಟ್ಬಿಡು," ಎಂದರು ಅಕ್ಕ, ಕಣ್ಣು ತೆರೆದು.

ಹೊರಗೆ ಬಂದು ಆಟೋ ಹತ್ತಿದ ಮೇಲೆ, "ಹೇಳಿದ್ದನ್ನೆಲ್ಲ ಬರೆದಿಯಲ್ಲ?" ಎಂದು ಕೇಳಿದರು. "ಹೇಳಿದ್ದಷ್ಟೂ ಬರದೀನ್ರಿ," ಎಂದೆ. ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಫಲಿತಾಂಶ ಬಂದದ್ದು ಫೆಬ್ರವರಿಯಲ್ಲಿ, ಮಗಳ ಮೊಬೈಲಿನಲ್ಲಿ. ಪಾಸಿಗೆ ಮೂರು ಅಂಕ ಕಡಿಮೆ. ಹೇಳಲು ಹೋದಾಗ ಅಕ್ಕ ಮಂಚದ ಮೇಲೆ ಒರಗಿ ಕುಳಿತಿದ್ದರು. ಮೂರು ಎಂಬುದನ್ನು ಎರಡು ಸಲ ಕೇಳಿಕೊಂಡರು.

"ಎಲ್ಲಿ ಹೋಯ್ತು ಮೂರು?"

ಸುಮ್ಮನಿರಬಹುದಿತ್ತು. ಆದರೆ ಅವರ ಹತ್ತಿರ ಏನನ್ನೂ ಮುಚ್ಚಿಟ್ಟು ಅಭ್ಯಾಸವಿರಲಿಲ್ಲ. "ತಾಪಿ, ಅಕ್ಕಾರ. ಎರಡನೇ ನದಿ ತಾಪಿ ಆಗಿತ್ತು."

"ನಿಂಗೆ ಅಲ್ಲೇ ನೆನಪಿತ್ತಾ?"

"ಇತ್ರಿ."

ಅವರು ನನ್ನನ್ನೇ ನೋಡಿದರು. ಆ ಕಾಯಿಲೆಯಲ್ಲಿ ಮುಖ ಮರದ ಹಾಗೆ ಆಗಿಬಿಡುತ್ತದೆ, ಒಳಗೆ ಏನಿದೆ ಎಂದು ತಿಳಿಯುವುದಿಲ್ಲ.

"ಒಂದು ಶಬ್ದ, ಮಾರಾಯ್ತಿ," ಎಂದರು.

ಅಷ್ಟೇ. ಗೋಡೆಯ ಕಡೆ ಹೊರಳಿ ಮಲಗಿದರು.

ಅದು ಬೈಗುಳವೋ, ಬೇಸರವೋ, ಸುಮ್ಮನೆ ಆಡಿದ ಮಾತೋ ನನಗೆ ತಿಳಿಯಲಿಲ್ಲ. ಮೂರು ದಿನ ನಾನು ಕಳಿಸಿದ ಊಟದ ಡಬ್ಬಿ ಬಿಚ್ಚದೆ ಮರಳಿ ಬಂತು. ನಾಲ್ಕನೆಯ ದಿನ ಖಾಲಿಯಾಗಿ, ತೊಳೆದು ಬಂತು. ನಾನು ಹೋದೆ. ಜೋಳದ ರೊಟ್ಟಿ ಮೆತ್ತಗೆ ಮಾಡು, ಅಗಿಯಲಾಗುವುದಿಲ್ಲ ಎಂದರು. ಆಮೇಲೆ ಎಲ್ಲ ಮೊದಲಿನಂತೆಯೇ, ಆ ಪೇಪರಿನ ಮಾತೊಂದನ್ನು ಬಿಟ್ಟು. ಆಷಾಢದಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಹನ್ನೊಂದು ದಿನ ಇದ್ದರು. ಕೊನೆಯ ಎರಡು ದಿನ ಮಾತಿರಲಿಲ್ಲ. ಬೆರಳು ಮಾತ್ರ ಚಾದರದ ಮೇಲೆ ಆಡುತ್ತಿತ್ತು.

ಉಧ್ನಾದ ಆ ಹುಡುಗಿ ಬಂದದ್ದು ಒಂದು ತಿಂಗಳ ಮೇಲೆ. ಹುಡುಗಿ ಎಂದೆ, ಈಗ ಮೂವತ್ತು ದಾಟಿದವಳು, ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಒಂದು ಕಚೇರಿಯಲ್ಲಿ ಕೆಲಸ. ಹೆರಿಗೆಯಾಗಿದ್ದರಿಂದ ಆಗ ಬರಲಾಗಿರಲಿಲ್ಲ. ನಾನೇ ಸ್ಟೇಷನ್ನಿಗೆ ಹೋಗಿ ಕರೆತಂದೆ. ಅಕ್ಕನ ಮನೆಗೆ ಬೀಗ ಹಾಕಿತ್ತು. ಜಗಲಿಯವರೆಗೆ ಹೋಗಿ ಉಯ್ಯಾಲೆಯ ಸರಪಳಿಯನ್ನು ಮುಟ್ಟಿ, ಸೀರೆಯ ಗಂಟನ್ನು ಮುಟ್ಟಿ, ನಮ್ಮ ಮನೆಗೆ ಬಂದು ಕುಳಿತಳು. ನಾನು ಡಬ್ಬಿ ತಂದು ಒಂದು ಪೆನ್ನನ್ನು ಅವಳ ಕೈಗೆ ಕೊಟ್ಟೆ. ನೆನಪಿಗೆ ಇರಲಿ ಎಂದು.

ಅವಳು ಮೇಜಿನ ಮೇಲಿದ್ದ ಪತ್ರಿಕೆಯನ್ನು ತಡವಿ ಎಳೆದುಕೊಂಡು ಅದರ ಮೇಲೆ ಗೀಚಿದಳು. ತಲೆ ಬಗ್ಗಿಸಿ ಕೇಳಿದಳು. ಮತ್ತೆ ಗೀಚಿದಳು.

"ಅದೇ," ಎಂದಳು.

ನಾನು ಡಿಸೆಂಬರಿನ ಪರೀಕ್ಷೆಯ ಕಥೆಯನ್ನೆಲ್ಲ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಎರಡನೆಯ ನದಿಯ ಹೆಸರು ಬಂದಾಗ, "ನಮ್ಮ ತಾಪಿಯೇ?" ಎಂದು ಮೆಲ್ಲಗೆ ಕೇಳಿದಳು. ನಾನು ಬರೆಯಲಿಲ್ಲ ಎಂದೆ. ಅವರೇ ಕಲಿಸಿದ್ದರು, ಸುಮ್ಮನಿದ್ದರೆ ಸುಮ್ಮನಿರಬೇಕು ಎಂದು.

ಅವಳು ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು.

"ಮಾಸಿ ನನಗೆ ಮೊದಲ ಸಲ ಬರೆದ ದಿನ," ಎಂದಳು, "ನಾನು ಒಂದು ಉತ್ತರದಲ್ಲಿ ಸಿಕ್ಕಿಹಾಕಿಕೊಂಡೆ. ಒಂದು ಶಬ್ದ ಬರಲಿಲ್ಲ. ಯಾವುದೆಂದು ಈಗ ನೆನಪಿಲ್ಲ. ಅಳು ಬಂತು, ಸುಮ್ಮನೆ ಕುಳಿತೆ. ನಾನು ಏನೂ ಹೇಳಿರಲಿಲ್ಲ ಬೆನ್, ಆದರೆ ಪೆನ್ನು ಓಡಿತು. ಇಷ್ಟೇ, ಒಂದು ಶಬ್ದದಷ್ಟು. ಓಡಿ ನಿಂತಿತು. ಆ ಸದ್ದಿಗೇ ನನಗೆ ಶಬ್ದ ನೆನಪಾಯಿತು, ಮುಂದಿನದೆಲ್ಲ ಹೇಳಿದೆ. ಪಾಸಾದೆ."

"ಅಕ್ಕಾರನ್ನ ಕೇಳಲಿಲ್ಲೇನು?" ನಾನು ಮರೆತು ಕನ್ನಡದಲ್ಲೇ ಕೇಳಿದೆ. ಆಮೇಲೆ ಹಿಂದಿಯಲ್ಲಿ ಕೇಳಿದೆ.

"ಇಲ್ಲ. ಅವರೂ ಹೇಳಲಿಲ್ಲ. ಹೊರಗೆ ಬಂದಾಗ ಅವರ ಕೈ ತಣ್ಣಗಾಗಿತ್ತು. ಮುಂದಿನ ಪೇಪರಿನಿಂದ ಒಮ್ಮೆಯೂ ಹಾಗಾಗಲಿಲ್ಲ. ಬೇರೆ ಮಕ್ಕಳಿಗೂ ಬಹಳ ಕಟ್ಟುನಿಟ್ಟು ಎಂದು ಆಮೇಲೆ ಕೇಳಿದೆ. ನನಗೆ ಗೊತ್ತು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ."

ಸಂಜೆಯ ರೈಲಿಗೆ ಅವಳನ್ನು ಹತ್ತಿಸಿ ಬಂದೆ. ಅಡುಗೆಗೆ ತಡವಾಗಿತ್ತು. ಪತ್ರಿಕೆ ಮೇಜಿನ ಮೇಲೆಯೇ ಇತ್ತು, ಅವಳು ಗೀಚಿದ ನೀಲಿ ಗೆರೆಗಳ ಸಮೇತ. ನಾನು ಒಂದು ಪೆನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಆ ಗೆರೆಗಳ ಪಕ್ಕದಲ್ಲಿ ಎರಡು ಅಕ್ಷರ ಬರೆದೆ. ಕಾಗದದ ಮೇಲೆ ಅದು ಸಣ್ಣಗೆ ಕರಕರ ಎಂದಿತು. ಅಷ್ಟು ಸಣ್ಣ ಸದ್ದು. ಅದಕ್ಕಾಗಿಯೇ ಅಕ್ಕ ಅಂದು ಮುಖ ಹೊರಳಿಸಿ, ಕಿವಿಯನ್ನು ನನ್ನ ಕೈಯ ಹತ್ತಿರ ತಂದು, ಅಷ್ಟು ಹೊತ್ತು ಕಾದಿದ್ದರು.